ಗಿಟ್: ರಿಲೀಸ್ ಮಾಡುವವಳ ಕುರ್ಚಿಯಿಂದ

ಗಿಟ್ ಅಂದರೆ ಕೋಡಿಗೆ ಆದ ಬದಲಾವಣೆಗಳ ಚರಿತ್ರೆಯನ್ನು ಇಟ್ಟುಕೊಳ್ಳುವ ತಂತ್ರಾಂಶ. ಅದಕ್ಕೆ ಸಿಗುವ ಹೊಗಳಿಕೆಯೆಲ್ಲ ಸಾಮಾನ್ಯವಾಗಿ ಕೋಡ್ ಬರೆಯುವವರದ್ದು. ಕಮಿಟ್ (ಬದಲಾವಣೆಯನ್ನು ಚರಿತ್ರೆಗೆ ದಾಖಲಿಸುವುದು) ಕ್ಷಣದಲ್ಲಿ ಆಗುತ್ತದೆ, ಎಷ್ಟು ಬ್ರಾಂಚ್ (ಕೋಡಿನ ಬೇರೆ ಬೇರೆ ಕವಲು) ಬೇಕಾದರೂ ಮಾಡಿಕೊಳ್ಳಬಹುದು, ಇಂಟರ್ನೆಟ್ ಇಲ್ಲದಿದ್ದರೂ ಕೆಲಸ ನಡೆಯುತ್ತದೆ, ಹೀಗೆ. ಎಲ್ಲ ನಿಜವೇ. ಆದರೆ ನಾನು ಕೋಡ್ ಬರೆಯುವುದು ಕಡಿಮೆ. ನಮ್ಮ ತಂಡದ ಸಾಫ್ಟ್‌ವೇರ್ ಹೊರಗೆ ಹೋಗುವ ಮುಂಚೆ ಕೊನೆಯದಾಗಿ ನನ್ನ ಕೈ ದಾಟುತ್ತದೆ. ಹೊಸದರ ಜೊತೆಗೆ ಹಳೆಯ ಆವೃತ್ತಿಗಳನ್ನೂ ನಾವು ಸಾಕುತ್ತಿದ್ದೇವೆ. ‘ಈ ಬಗ್ ಸರಿಹೋಗಿದ್ದು ಯಾವ ಆವೃತ್ತಿಯಲ್ಲಿ?’ ಅಂತ ಸಪೋರ್ಟ್‌ನವರು ಕೇಳಿದರೆ ಉತ್ತರ ಹೇಳಬೇಕಾದವಳು ನಾನು. ಈ ವಿಮರ್ಶೆ ಆ ಕುರ್ಚಿಯಲ್ಲಿ ಕೂತು ಬರೆದದ್ದು.

ಇಲ್ಲಿ ಕೂತವರಿಗೆ ಗಿಟ್ ಎಷ್ಟು ಹೊಂದುತ್ತದೆ ಅಂದರೆ, ನಮಗಾಗಿಯೇ ಮಾಡಿದ್ದು ಅನ್ನಿಸುತ್ತದೆ. ಸುಮ್ನೆ ಹೇಳುತ್ತಿಲ್ಲ. 2005ರಲ್ಲಿ, ಲಿನಕ್ಸ್ ಕರ್ನೆಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ತಂಡ ಬಳಸುತ್ತಿದ್ದ ಬಿಟ್‌ಕೀಪರ್ ಅನ್ನುವ ಇಂಥದೇ ತಂತ್ರಾಂಶ ಅವರಿಗೆ ಪುಕ್ಕಟೆಯಾಗಿ ಸಿಗುವುದು ನಿಂತಿತು. ಆ ಏಪ್ರಿಲ್‌ನಲ್ಲಿ ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಗಿಟ್ ಬರೆಯಲು ಕೂತರು. ಅಷ್ಟು ಹೊತ್ತಿಗೆ ಅವರ ಮುಖ್ಯ ಕೆಲಸವೇ ಬೇರೆಯವರು ಕಳಿಸಿದ ಕೋಡನ್ನು ನೋಡಿ, ಸೇರಿಸಿ, ಬಿಡುಗಡೆ ಮಾಡುವುದಾಗಿತ್ತು. ಅಂದರೆ ಇದು ಕೋಡ್ ಕಳಿಸುವವರಿಗಿಂತ ಅದನ್ನು ಒಳಗೆ ಬಿಟ್ಟುಕೊಳ್ಳುವವರ ತಲೆಯಿಂದ ಹುಟ್ಟಿದ್ದು. ಬರೆಯುವವರಿಗೆ ಕಿರಿಕಿರಿ ಅನ್ನಿಸುವ ಎಷ್ಟೋ ಸಂಗತಿ ನಮಗೆ ಅನುಕೂಲವಾಗಿರುವುದು ಅದಕ್ಕೇ.

ಉದಾಹರಣೆಗೆ ಕಮಿಟ್‌ನ ಗುರುತು. 40 ಅಕ್ಷರದ ಆ ಉದ್ದನೆಯ ಸರಣಿ ನೋಡಿ ಹೊಸಬರು ಮುಖ ಸಿಂಡರಿಸುತ್ತಾರೆ. ಗಿಟ್‌ಗಿಂತ ಹಳೆಯದಾದ ಸಬ್‌ವರ್ಷನ್ ಅನ್ನುವ ತಂತ್ರಾಂಶದಲ್ಲಿ ಚಂದವಾಗಿ ಒಂದು, ಎರಡು, ಮೂರು ಅಂತ ನಂಬರ್ ಇತ್ತಲ್ಲ ಅಂತ ನಾನೂ ಮೊದಲು ಕೇಳಿದ್ದೆ. ಆದರೆ ಗಿಟ್ ಈ ಗುರುತನ್ನು ಫೈಲುಗಳ ಒಳಗಿರುವುದು, ಬರೆದವರ ಹೆಸರು, ಸಮಯ, ಸಂದೇಶ, ಹಿಂದಿನ ಕಮಿಟ್‌ನ ಗುರುತು, ಇಷ್ಟನ್ನೂ ಸೇರಿಸಿ ಲೆಕ್ಕ ಹಾಕುತ್ತದೆ. ಎಲ್ಲೋ ಹಳೆಯ ಫೈಲಿನಲ್ಲಿ ಒಂದು ಅಲ್ಪವಿರಾಮ ಬದಲಾಯಿಸಿದರೂ ಅಲ್ಲಿಂದ ಮುಂದಿನ ಎಲ್ಲ ಗುರುತೂ ಬೇರೆಯಾಗುತ್ತದೆ. ನನ್ನ ಯಂತ್ರದಲ್ಲೂ ಟೆಸ್ಟರ್ ಯಂತ್ರದಲ್ಲೂ ಗುರುತು ಒಂದೇ ಅಂದರೆ ಇಬ್ಬರ ಬಳಿ ಇರುವ ಕೋಡೂ ಒಂದೇ, ಅದರ ಹಿಂದಿನ ಚರಿತ್ರೆಯೂ ಒಂದೇ. ಬೇರೆ ಸಾಕ್ಷಿ ಬೇಡ. 2017ರಲ್ಲಿ ಈ ಗುರುತು ಹಾಕುವ ಶಾ-1 ಅನ್ನುವ ಲೆಕ್ಕವನ್ನು ಮೋಸಗೊಳಿಸಿ, ಎರಡು ಬೇರೆ ಫೈಲುಗಳಿಗೆ ಒಂದೇ ಗುರುತು ಬರುವ ಹಾಗೆ ಮಾಡಿ ತೋರಿಸಿದ್ದರು. ಅಂಥ ದಾಳಿಯನ್ನು ಗುರುತಿಸುವ ಕೋಡ್ ಅದೇ ವರ್ಷ ಗಿಟ್‌ಗೆ ಬಂತು. ನಮ್ಮಂಥ ತಂಡಕ್ಕೆ ಅದು ನಿದ್ದೆಗೆಡಿಸುವ ವಿಷಯವಲ್ಲ.

ನನಗೆ ತುಂಬಾ ಇಷ್ಟವಾದ ಕಮಾಂಡ್ ಡಿಸ್ಕ್ರೈಬ್. ಇದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಬಿಲ್ಡ್ ಆಗುವಾಗ, ಅಂದರೆ ಕೋಡಿನಿಂದ ಓಡುವ ಸಾಫ್ಟ್‌ವೇರ್ ತಯಾರಾಗುವಾಗ, ಇದನ್ನು ಓಡಿಸಿ, ಬಂದ ಉತ್ತರವನ್ನು ಸಾಫ್ಟ್‌ವೇರ್‌ನ ‘ಅಬೌಟ್’ ಪರದೆಯಲ್ಲಿ ಹಾಕಿಬಿಡುತ್ತೇವೆ. ಹತ್ತಿರದ ಟ್ಯಾಗ್‌ನ (ಒಂದು ಕಮಿಟ್‌ಗೆ ಅಂಟಿಸಿದ ಚೀಟಿಯ) ಹೆಸರು, ಆ ಟ್ಯಾಗ್ ಆದಮೇಲೆ ಎಷ್ಟು ಕಮಿಟ್ ಸೇರಿವೆ, ಈಗಿನ ಕಮಿಟ್ ಗುರುತಿನ ಮೊದಲ ಕೆಲವು ಅಕ್ಷರ, ಇವು ಒಂದೇ ಸಾಲಿನಲ್ಲಿ ಬರುತ್ತವೆ. ‘ಡರ್ಟಿ’ ಆಯ್ಕೆ ಕೊಟ್ಟರೆ, ಕಮಿಟ್ ಆಗದ ಬದಲಾವಣೆ ಇಟ್ಟುಕೊಂಡು ಬಿಲ್ಡ್ ಮಾಡಿದ್ದರೆ ಅದನ್ನೂ ಹೇಳುತ್ತದೆ. ಗ್ರಾಹಕರು ಪರದೆಯ ಫೋಟೊ ಕಳಿಸಿದರೆ ಸಾಕು, ಅವರ ಹತ್ತಿರ ಇರುವುದು ಯಾವ ಕೋಡ್ ಅಂತ ನನಗೆ ಗೊತ್ತಾಗುತ್ತದೆ. ‘ನಿಮ್ಮದು ಹೊಸ ಆವೃತ್ತಿಯಾ, ಹಳೆಯದಾ?’ ಅನ್ನುವ ಫೋನ್ ಕರೆಗಳೇ ನಿಂತುಹೋದವು.

ಟ್ಯಾಗ್‌ಗಳ ವಿಷಯದಲ್ಲಿ ಮಾತ್ರ ಗಿಟ್ ಅರ್ಧಂಬರ್ಧ. ಟ್ಯಾಗ್‌ನಲ್ಲಿ ಎರಡು ಬಗೆ. ಒಂದು ಬರೀ ಹೆಸರು. ಇನ್ನೊಂದು ಆನೊಟೇಟೆಡ್ ಟ್ಯಾಗ್, ಅದರಲ್ಲಿ ಯಾರು ಹಾಕಿದರು, ಯಾವಾಗ, ಯಾಕೆ ಅನ್ನುವುದೆಲ್ಲ ಇರುತ್ತದೆ, ಸಹಿಯನ್ನೂ ಹಾಕಬಹುದು. ರಿಲೀಸ್‌ಗೆ ಬೇಕಾದ್ದು ಎರಡನೆಯದು. ಆದರೆ ಏನೂ ಹೇಳದೆ ‘ಗಿಟ್ ಟ್ಯಾಗ್’ ಅಂದರೆ ಸಿಗುವುದು ಮೊದಲನೆಯದು! ಡಿಸ್ಕ್ರೈಬ್ ಅದನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಮೇಲಿಂದ, ಪುಶ್ ಮಾಡಿದರೆ ಟ್ಯಾಗ್ ತಾನಾಗಿ ಸರ್ವರ್‌ಗೆ ಹೋಗುವುದೂ ಇಲ್ಲ. ‘ಪುಶ್.ಫಾಲೋಟ್ಯಾಗ್ಸ್’ ಅನ್ನುವ ಸೆಟ್ಟಿಂಗ್ ಆನ್ ಮಾಡಿಟ್ಟರೆ ಆನೊಟೇಟೆಡ್ ಟ್ಯಾಗ್‌ಗಳು ಕಮಿಟ್ ಜೊತೆಗೇ ಹೋಗುತ್ತವೆ. ಇದು ಮೊದಲಿನಿಂದಲೇ ಆನ್ ಇರಬೇಕಿತ್ತು, ಅಲ್ವಾ? ತಪ್ಪು ಕಮಿಟ್‌ಗೆ ಹಾಕಿ ಹೊರಗೆ ಬಿಟ್ಟ ಟ್ಯಾಗನ್ನು ಏನು ಮಾಡಬೇಕು ಅನ್ನುವುದಕ್ಕೆ ಗಿಟ್‌ನ ಕೈಪಿಡಿಯ ಸಲಹೆ ಚೆನ್ನಾಗಿದೆ: ತಪ್ಪಾಯಿತು ಅಂತ ಒಪ್ಪಿಕೊಂಡು ಬೇರೆ ಹೆಸರಿನಲ್ಲಿ ಹೊಸ ಟ್ಯಾಗ್ ಹಾಕಿ. ಅದೇ ಹೆಸರನ್ನು ಸದ್ದಿಲ್ಲದೆ ಬೇರೆ ಕಡೆಗೆ ಸರಿಸಿದರೆ, ಹಳೆಯದನ್ನು ಆಗಲೇ ತಗೊಂಡವರಿಗೆ ಗೊತ್ತೇ ಆಗುವುದಿಲ್ಲ.

ಇನ್ನು ಹಳೆಯ ಆವೃತ್ತಿಗೆ ರಿಪೇರಿ ಹಾಕುವ ಕೆಲಸ. ನನ್ನ ದಿನ ಹೆಚ್ಚು ಹೋಗುವುದು ಇದರಲ್ಲೇ. 3.1ರಲ್ಲಿ ಒಂದು ಬಗ್ ಇದೆ, 3.2ರಲ್ಲೂ ಇದೆ, ಮುಖ್ಯ ಬ್ರಾಂಚಿನಲ್ಲೂ ಇದೆ ಅಂತಿಟ್ಟುಕೊಳ್ಳಿ. ಎಲ್ಲರೂ ಮಾಡುವುದು, ಮುಖ್ಯ ಬ್ರಾಂಚಿನಲ್ಲಿ ಸರಿಮಾಡಿ ಚೆರಿ-ಪಿಕ್ ಮೂಲಕ, ಅಂದರೆ ಆ ಕಮಿಟ್‌ನ ಬದಲಾವಣೆಯನ್ನಷ್ಟೇ ನಕಲು ಮಾಡಿ, ಹಳೆಯ ಬ್ರಾಂಚುಗಳಿಗೆ ಇಳಿಸುವುದು. ಸುಲಭ ನಿಜ, ಆದರೆ ಚೆರಿ-ಪಿಕ್ ಆದ ಕಮಿಟ್‌ಗೆ ಹೊಸ ಗುರುತು ಬರುತ್ತದೆ. ಆಮೇಲೆ ‘ಈ ಕಮಿಟ್ ಯಾವ ಯಾವ ಟ್ಯಾಗ್‌ನಲ್ಲಿದೆ?’ ಅಂತ ಗಿಟ್‌ಗೆ ಕೇಳಿದರೆ 3.1 ಆ ಪಟ್ಟಿಯಲ್ಲಿ ಇರುವುದೇ ಇಲ್ಲ. ರಿಪೇರಿ ಇದ್ದೂ ಇಲ್ಲದಂತೆ. ಗಿಟ್‌ನ ಜೊತೆಗೇ ಬರುವ ‘ಗಿಟ್‌ವರ್ಕ್‌ಫ್ಲೋಸ್’ ಕೈಪಿಡಿ ಹೇಳುವ ದಾರಿ ತಿರುಗುಮುರುಗು: ರಿಪೇರಿ ಬೇಕಾದ ಬ್ರಾಂಚುಗಳಲ್ಲಿ ಎಲ್ಲಕ್ಕಿಂತ ಹಳೆಯದರಲ್ಲಿ ಸರಿಮಾಡಿ, ಅಲ್ಲಿಂದ ಮೇಲಕ್ಕೆ, ಹೊಸ ಬ್ರಾಂಚುಗಳಿಗೆ, ಮರ್ಜ್ ಮಾಡುತ್ತಾ (ಬೆರೆಸುತ್ತಾ) ಬನ್ನಿ. ಆಗ ಎಲ್ಲ ಕಡೆಯೂ ಒಂದೇ ಕಮಿಟ್, ಒಂದೇ ಗುರುತು. ಸಪೋರ್ಟ್‌ನವರ ಪ್ರಶ್ನೆಗೆ ‘ಟ್ಯಾಗ್ ಕಂಟೇನ್ಸ್’ ಅನ್ನುವ ಒಂದೇ ಕಮಾಂಡ್ ಉತ್ತರ ಕೊಡುತ್ತದೆ.

ಡೆವಲಪರ್‌ಗಳಿಗೆ ಇದು ಹಿಡಿಸುವುದಿಲ್ಲ. ಹಳೆಯ ಬ್ರಾಂಚಿಗೆ ಹೋಗಿ, ಹಳೆಯ ಲೈಬ್ರರಿಗಳ ಜೊತೆ ಬಿಲ್ಡ್ ಮಾಡಿ ಟೆಸ್ಟ್ ಮಾಡಬೇಕಲ್ಲ ಅಂತ ಗೊಣಗುತ್ತಾರೆ. ಅವರ ಮಾತಿನಲ್ಲೂ ಅರ್ಥವಿದೆ. ಹಳೆಯದಕ್ಕೂ ಹೊಸದಕ್ಕೂ ಕೋಡ್ ಪೂರ್ತಿ ಬೇರೆಯಾಗಿಬಿಟ್ಟಿದ್ದರೆ ಮರ್ಜ್ ಮಾಡುವಾಗ ಕಾನ್‌ಫ್ಲಿಕ್ಟ್ (ಒಂದಕ್ಕೊಂದು ಹೊಂದದ ಬದಲಾವಣೆಗಳು) ಸುರಿಯುತ್ತವೆ. ಅದೇ ಕಾನ್‌ಫ್ಲಿಕ್ಟ್ ಮತ್ತೆ ಬಂದರೆ ಹಿಂದೆ ಹೇಗೆ ಬಿಡಿಸಿದ್ದಿರಿ ಅಂತ ನೆನಪಿಟ್ಟುಕೊಳ್ಳುವ ‘ರೆರೆರೆ’ ಅನ್ನುವ ಸೌಲಭ್ಯ ಇದೆ. ಹೆಸರು ತಮಾಷೆ, ಕೆಲಸ ಗಟ್ಟಿ. ಚೆರಿ-ಪಿಕ್ ಬಿಟ್ಟು ಬೇರೆ ದಾರಿಯೇ ಇಲ್ಲ ಅನ್ನುವಾಗ ‘ಎಕ್ಸ್’ ಆಯ್ಕೆ ಕೊಡಿ ಅಂತ ನಮ್ಮಲ್ಲಿ ನಿಯಮ ಮಾಡಿದ್ದೇನೆ. ಮೂಲ ಕಮಿಟ್‌ನ ಗುರುತು ಸಂದೇಶದಲ್ಲಿ ಬರೆದುಕೊಳ್ಳುತ್ತದೆ, ಆಮೇಲೆ ಹುಡುಕಬಹುದು.

ಬೈಸೆಕ್ಟ್ ಅನ್ನುವ ಕಮಾಂಡ್ ಬಗ್ಗೆ ಎಲ್ಲರೂ ಹೇಳುತ್ತಾರೆ, ನಾನು ಚಿಕ್ಕದಾಗಿ ಹೇಳುತ್ತೇನೆ. ಹಿಂದಿನ ರಿಲೀಸ್‌ನಲ್ಲಿ ಸರಿ ಇತ್ತು, ಈಗ ಕೆಟ್ಟಿದೆ, ನಡುವೆ 1000 ಕಮಿಟ್ ಇವೆ ಅಂದರೂ ಸುಮಾರು 10 ಸಲ ಪರೀಕ್ಷೆ ಮಾಡಿದರೆ ಕೆಡಿಸಿದ ಕಮಿಟ್ ಸಿಗುತ್ತದೆ. ಪ್ರತಿ ಸಲವೂ ಅರ್ಧಕ್ಕೆ ಅರ್ಧ ಕತ್ತರಿಸುತ್ತಾ ಹೋಗುತ್ತದೆ. ಸ್ಕ್ರಿಪ್ಟ್ ಕೊಟ್ಟರೆ ತಾನೇ ಹುಡುಕುತ್ತದೆ. ಬಿಲ್ಡೇ ಆಗದ ಕಮಿಟ್ ಸಿಕ್ಕರೆ ಸ್ಕ್ರಿಪ್ಟ್ 125 ಅನ್ನುವ ಕೋಡ್ ಹಿಂತಿರುಗಿಸಬೇಕು, ಗಿಟ್ ಅದನ್ನು ದಾಟಿ ಹೋಗುತ್ತದೆ. ಆದರೆ ವಾರದ ಕೆಲಸವನ್ನೆಲ್ಲ ಒಂದೇ ಕಮಿಟ್‌ಗೆ ತುರುಕುವವರು ತಂಡದಲ್ಲಿದ್ದರೆ ಬೈಸೆಕ್ಟ್ ಆ ಗುಡ್ಡದವರೆಗೆ ಮಾತ್ರ ಕರಕೊಂಡು ಹೋಗುತ್ತದೆ. ಅಗೆಯುವುದು ನೀವೇ.

ಕಮಾಂಡ್‌ಗಳ ವಿನ್ಯಾಸಕ್ಕೆ ನಾನು ಐದಕ್ಕೆ ಎರಡು ಅಂಕ ಕೊಡುತ್ತೇನೆ, ಅದೂ ಧಾರಾಳವಾಗಿ. ಚೆಕ್‌ಔಟ್ ಅನ್ನುವ ಒಂದೇ ಕಮಾಂಡ್ ಬ್ರಾಂಚನ್ನೂ ಬದಲಾಯಿಸುತ್ತದೆ, ಫೈಲಿನಲ್ಲಿ ನೀವು ಮಾಡಿದ ಬದಲಾವಣೆಯನ್ನೂ ಅಳಿಸಿಹಾಕುತ್ತದೆ. ಒಂದು ನಿರುಪದ್ರವಿ, ಇನ್ನೊಂದು ಅಪಾಯ. 2019ರ 2.23 ಆವೃತ್ತಿಯಲ್ಲಿ ಇದನ್ನು ಸ್ವಿಚ್ ಮತ್ತು ರೀಸ್ಟೋರ್ ಅಂತ ಎರಡಾಗಿ ಒಡೆದರು. ಹೊಸಬರಿಗೆ ನಾನು ಅವೆರಡನ್ನೇ ಕಲಿಸುತ್ತೇನೆ. ಕಮಿಟ್ ಆಗಿದ್ದ ಕೆಲಸ ಕಳೆದುಹೋಯಿತು ಅಂತ ಯಾರಾದರೂ ಗಾಬರಿಯಾಗಿ ಬಂದರೆ, ಬ್ರಾಂಚುಗಳು ಹಿಂದೆ ಯಾವ ಕಮಿಟ್‌ನಲ್ಲಿದ್ದವು ಅನ್ನುವ ದಾಖಲೆಯಾದ ರೆಫ್‌ಲಾಗ್ ತೋರಿಸುತ್ತೇನೆ. ಯಾವ ಬ್ರಾಂಚಿಗೂ ಸೇರದೆ ಬಿದ್ದ ಕಮಿಟ್‌ಗಳ ದಾಖಲೆಯನ್ನೂ ಅದು ಸಾಮಾನ್ಯವಾಗಿ 30 ದಿನ ಇಟ್ಟುಕೊಂಡಿರುತ್ತದೆ. ಕಮಿಟ್ ಮಾಡದೇ ಇದ್ದದ್ದನ್ನು ರೆಫ್‌ಲಾಗ್ ಕೂಡ ತಂದುಕೊಡುವುದಿಲ್ಲ.

ಗಿಟ್-ಫ್ಲೋ ಮಾಡಬೇಕಾ ಅಂತಲೂ ಕೇಳುತ್ತಾರೆ. 2010ರಲ್ಲಿ ಆ ಬ್ರಾಂಚ್ ಪದ್ಧತಿ ಬರೆದವರೇ 2020ರಲ್ಲಿ ಟಿಪ್ಪಣಿ ಸೇರಿಸಿದ್ದಾರೆ: ಬಿಟ್ಟೂಬಿಡದೆ ಹೊರಗೆ ಹೋಗುತ್ತಿರುವ ವೆಬ್ ಸಾಫ್ಟ್‌ವೇರ್‌ಗೆ ಇನ್ನೂ ಸರಳವಾದದ್ದು ಸಾಕು ಅಂತ. ನಮ್ಮ ಹಾಗೆ ಹಲವು ಆವೃತ್ತಿ ಸಾಕುವವರಿಗೆ ರಿಲೀಸ್ ಬ್ರಾಂಚುಗಳು ಬೇಕೇ ಬೇಕು.

ಗಿಟ್‌ಗೆ ದುಡ್ಡು ಕೊಡಬೇಕಾಗಿಲ್ಲ, ಜಿಪಿಎಲ್ ಪರವಾನಗಿಯ ಮುಕ್ತ ತಂತ್ರಾಂಶ. ಅಷ್ಟಾದರೂ ಎಲ್ಲರಿಗೂ ಶಿಫಾರಸು ಮಾಡಲಾರೆ. ದೊಡ್ಡ ದೊಡ್ಡ ವಿಡಿಯೊ, ಮೂರು ಆಯಾಮದ ಮಾದರಿಗಳೇ ತುಂಬಿರುವ ಪ್ರಾಜೆಕ್ಟ್ ಆದರೆ, ಪ್ರತಿ ಕ್ಲೋನ್‌ಗೂ (ನಕಲಿಗೂ) ಇಡೀ ಚರಿತ್ರೆ ಇಳಿದು ಡಿಸ್ಕ್ ತುಂಬುತ್ತದೆ. ಎಲ್‌ಎಫ್‌ಎಸ್ ಅನ್ನುವ ಜೋಡಣೆ ದೊಡ್ಡ ಫೈಲುಗಳನ್ನು ಬೇರೆ ಕಡೆ ಇಡುತ್ತದೆ, ಆದರೆ ಅದನ್ನು ನೋಡಿಕೊಳ್ಳಲು ಇನ್ನೊಬ್ಬರು ಬೇಕು. ಒಂದೇ ರೆಪೊದಲ್ಲಿ (ಕೋಡಿನ ಸಂಗ್ರಹದಲ್ಲಿ) ಈ ಫೋಲ್ಡರ್ ಇವರು ಮಾತ್ರ ನೋಡಬಹುದು ಅನ್ನುವ ಕಟ್ಟುಪಾಡು ಬೇಕಿದ್ದರೂ ಗಿಟ್‌ನಿಂದ ಆಗುವುದಿಲ್ಲ. ಅಂಥ ಕಡೆ ಸಬ್‌ವರ್ಷನ್ ಇವತ್ತಿಗೂ ಒಳ್ಳೆಯ ಆಯ್ಕೆ. ಅದನ್ನು ಬಳಸುತ್ತಿರುವ ತಂಡಗಳು ಬರೀ ನಾಚಿಕೆಗೆ ಬಿದ್ದು ಗಿಟ್‌ಗೆ ಬರಬೇಕಾಗಿಲ್ಲ.