ನೋಟಾ ಬಟನ್: ಸದ್ದಿದೆ, ಕೆಲಸ ಇಲ್ಲ

ಮತಯಂತ್ರದ ಕೊನೆಯ ಸಾಲಿನಲ್ಲಿ ಕೂತು ‘ಮೇಲಿನವರು ಯಾರೂ ಬೇಡ’ ಅನ್ನುವ ಈ ನೋಟಾ ಬಟನ್‌ಗೆ ನನ್ನ ಅಂಕ ಐದಕ್ಕೆ ಎರಡು. ಆ ಎರಡೂ ಗುಟ್ಟು ಕಾಪಾಡುವುದಕ್ಕೆ. ಮೊದಲೆಲ್ಲ ಯಾರೂ ಬೇಡ ಅನ್ನಬೇಕಾದರೆ ಮತಗಟ್ಟೆ ಅಧಿಕಾರಿಗೆ ಹೇಳಿ, ಪುಸ್ತಕದಲ್ಲಿ ಬರೆಸಿ ಸಹಿ ಹಾಕಬೇಕಿತ್ತು, ಅಲ್ಲೇ ಕೂತ ಪಕ್ಷಗಳ ಏಜೆಂಟರೆಲ್ಲ ನೋಡುತ್ತಿರುವಾಗ. ಸಣ್ಣ ಊರಲ್ಲಿ ಯಾರಿಗೆ ಬೇಕು ಆ ಉಸಾಬರಿ? 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಬಟನ್ ಬಂತು.

ಆದರೆ ಕೆಲಸ? ಒತ್ತಿದರೆ ಬೀಪ್ ಅನ್ನುತ್ತದೆ, ಅಷ್ಟೇ. ಲೋಕಸಭೆ, ವಿಧಾನಸಭೆಯಲ್ಲಿ ಎಲ್ಲರಿಗಿಂತ ಜಾಸ್ತಿ ಮತ ನೋಟಾಗೇ ಬಿದ್ದರೂ ಅದರ ನಂತರದವರು ಗೆದ್ದು ಹಾರ ಹಾಕಿಸಿಕೊಳ್ಳುತ್ತಾರೆ. 2024ರ ಲೋಕಸಭೆ ಚುನಾವಣೆಯಲ್ಲಿ ಇಂದೋರ್‌ನ ಕಾಂಗ್ರೆಸ್ ಅಭ್ಯರ್ಥಿ ಕೊನೇ ಗಳಿಗೆಯಲ್ಲಿ ನಾಮಪತ್ರ ವಾಪಸ್ ಪಡೆದು ಬಿಜೆಪಿ ಕಡೆ ಹೋದರು, ಕಾಂಗ್ರೆಸ್ಸೇ ನೋಟಾ ಒತ್ತಿ ಅಂತ ಪ್ರಚಾರ ಮಾಡಿತು, 2 ಲಕ್ಷಕ್ಕೂ ಜಾಸ್ತಿ ಮತ ಬಿದ್ದು ನೋಟಾ ಎರಡನೇ ಸ್ಥಾನಕ್ಕೂ ಬಂತು. ಏನಾಯ್ತು? ಬಿಜೆಪಿಯ ಶಂಕರ್ ಲಾಲ್ವಾನಿ 10 ಲಕ್ಷಕ್ಕೂ ಹೆಚ್ಚು ಅಂತರದಿಂದ ಗೆದ್ದರು.

ಸೂರತ್‌ನವರದ್ದು ಇನ್ನೂ ಚೆಂದ. ಅದೇ ಚುನಾವಣೆಯಲ್ಲಿ ಕಣದಲ್ಲಿ ಒಬ್ಬರೇ ಉಳಿದರು. ಅವಿರೋಧ ಆಯ್ಕೆ, ಮತದಾನವೇ ಇಲ್ಲ. ಬಟನ್ ನಿಜಕ್ಕೂ ಬೇಕಿದ್ದ ಕಡೆಯೇ ಸಿಗಲಿಲ್ಲ, ಅಲ್ವಾ?

ಹರಿಯಾಣ, ಮಹಾರಾಷ್ಟ್ರದ ರಾಜ್ಯ ಚುನಾವಣಾ ಆಯೋಗಗಳು 2018ರಲ್ಲೇ ಸ್ಥಳೀಯ ಸಂಸ್ಥೆಗಳಿಗೆ ಬೇರೆ ನಿಯಮ ತಂದವು. ನೋಟಾ ಮೊದಲು ಬಂದರೆ ಮರುಚುನಾವಣೆ. ಆ ನಿಯಮ ವಿಧಾನಸಭೆಗೂ ಬರಲಿ, ನಾಲ್ಕು ಅಂಕ ಕೊಡುತ್ತೇನೆ.