ಕೊಳವೆಬಾವಿಯ ನೈಟ್ರೇಟ್: ಮೀಟರ್, ಪಟ್ಟಿ, ಹನಿ ಕಿಟ್, ಪ್ರಯೋಗಾಲಯ

ನಾಲ್ಕನ್ನೂ ಬಳಸಿದ್ದೇನೆ. ಮುಗಿದ ಮೇಲೆ ಮತ್ತೆ ಹಣ ಕೊಟ್ಟು ತಂದದ್ದು ಒಂದನ್ನೇ: ಗಾಜಿನ ನಳಿಕೆಗೆ ಎರಡು ಸೀಸೆಗಳಿಂದ ಹನಿ ಹಾಕಿ ಬಣ್ಣ ನೋಡುವ ನೈಟ್ರೇಟ್ ಕಿಟ್. ಮನೆಯಲ್ಲಿ ಮೀನಿನ ತೊಟ್ಟಿ ಇಟ್ಟುಕೊಂಡವರಿಗೆಂದು ಮಾರುವ ಕಿಟ್ ಅದು. ಉಳಿದವುಗಳನ್ನು ಯಾಕೆ ಬಿಟ್ಟೆ ಎಂಬುದನ್ನು ಬರೆಯಲೇಬೇಕು, ಏಕೆಂದರೆ ಒಂದರ ತಪ್ಪು ಓದಿನಿಂದ ನಮ್ಮ ಮನೆಯ ಕೂಸು ಹನ್ನೆರಡು ದಿನ ಕುಡಿಯಬಾರದ ನೀರು ಕುಡಿಯಿತು.

ನಾನಿರುವುದು ಯಲಹಂಕದಲ್ಲಿ. ಅಕ್ಕ, ಭಾವ ದೊಡ್ಡಬಳ್ಳಾಪುರದ ಆಚೆ ದ್ರಾಕ್ಷಿ ತೋಟದ ಮನೆಯಲ್ಲಿದ್ದಾರೆ. ಅಕ್ಕನ ಮಗಳು ಬಾಣಂತನಕ್ಕೆ ಬಂದಿದ್ದಳು. ಎದೆಹಾಲು ಸಾಲದೆ ಮಗುವಿಗೆ ಪುಡಿಹಾಲು ಶುರುವಾಗಿತ್ತು. ಅದಕ್ಕೆ ಅಂಗಳದ ಕೊಳವೆಬಾವಿಯದೇ ನೀರು. ‘ಚೆನ್ನಾಗಿ ಕುದಿಸಿಯೇ ಕೊಡುತ್ತಿದ್ದೇನೆ, ನೀನು ಹೆದರಬೇಡ’ ಎಂದಳು ಅಕ್ಕ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಗೊಬ್ಬರ, ಮಲಮೂತ್ರಗಳಿಂದ ನೀರಿಗಿಳಿಯುವ ನೈಟ್ರೇಟ್ ಎಂಬ ಲವಣ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ಗಟ್ಟಿಯಾಗುತ್ತದೆ. ಆರು ತಿಂಗಳೊಳಗಿನ ಕೂಸಿನ ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನೇ ಇದು ಕುಗ್ಗಿಸಬಲ್ಲದು. ತುಟಿ, ಉಗುರು ನೀಲಿಗಟ್ಟುತ್ತವೆ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಐಎಸ್ 10500 ಇಟ್ಟಿರುವ ಮಿತಿ ಲೀಟರಿಗೆ 45 ಮಿಲಿಗ್ರಾಂ. ಬೇರೆ ನೀರಿಲ್ಲದಿದ್ದರೆ ಇಷ್ಟರವರೆಗೆ ಸಹಿಸಬಹುದು ಎಂಬ ಸಡಿಲಿಕೆ ಕೆಲವು ಅಂಶಗಳಿಗೆ ಉಂಟು, ನೈಟ್ರೇಟಿಗೆ ಇಲ್ಲ.

ಮೊದಲು ಕೊಂಡದ್ದು 350 ರೂಪಾಯಿಯ ಟಿಡಿಎಸ್ ಮೀಟರ್. 480 ಎಂದು ತೋರಿಸಿತು. 500ರ ಒಳಗಿದೆ, ಒಳ್ಳೆಯ ನೀರು ಎಂದು ಎಲ್ಲರೂ ಸಮಾಧಾನಪಟ್ಟೆವು. ಆದರೆ ಆ ಮೀಟರ್ ಅಳೆಯುವುದು ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಎಂಬುದನ್ನು. ಅದರಿಂದ ಒಟ್ಟು ಲವಣ ಎಷ್ಟಿರಬಹುದೆಂದು ಅಂದಾಜು ಕೊಡುತ್ತದೆ. ಆ 480ರಲ್ಲಿ ಸುಣ್ಣ ಎಷ್ಟು, ನೈಟ್ರೇಟ್ ಎಷ್ಟು ಎಂದು ಅದಕ್ಕೆ ತಿಳಿಯದು. ಈ ಕೆಲಸಕ್ಕೆ ಅದು ಬೇಡ.

ಆಮೇಲೆ ಪಟ್ಟಿಗಳು. ನೀರಿನಲ್ಲಿ ಅದ್ದಿ, ಒಂದು ನಿಮಿಷ ಬಿಟ್ಟು, ಗುಲಾಬಿಗೆ ತಿರುಗಿದ ಚೌಕವನ್ನು ಡಬ್ಬಿಯ ಮೇಲಿನ ಬಣ್ಣಗಳಿಗೆ ಹೋಲಿಸುವುದು. ಅಕ್ಕನ ಅಡುಗೆಮನೆಯಲ್ಲಿ ಅದ್ದಿದೆ, ಬಣ್ಣ 20ಕ್ಕೆ ಸರಿಯಾಗಿ ಕೂತಿತು. 45ರ ಅರ್ಧವೂ ಇಲ್ಲ. ಮಗುವಿನ ಸೀಸೆಗೆ ಅದೇ ನೀರು ಮುಂದುವರಿಯಿತು.

ಹನ್ನೆರಡು ದಿನಗಳ ನಂತರ ಯಲಹಂಕದಲ್ಲಿ ಎರಡನೆಯ ಡಬ್ಬಿ ಒಡೆಯುವಾಗ ಅಂಚಿನಲ್ಲಿದ್ದ ಸಣ್ಣ ಅಕ್ಷರ ಕಣ್ಣಿಗೆ ಬಿತ್ತು: ‘ನೈಟ್ರೇಟ್ ರೂಪದ ನೈಟ್ರೋಜನ್’. ಪಟ್ಟಿ ಹೇಳುತ್ತಿದ್ದದ್ದು ನೈಟ್ರೇಟಿನ ತೂಕವನ್ನಲ್ಲ, ಅದರೊಳಗಿನ ನೈಟ್ರೋಜನ್ನಿನ ತೂಕವನ್ನು ಮಾತ್ರ. ನೈಟ್ರೋಜನ್ನಿನ ತೂಕ 14, ಮೂರು ಆಮ್ಲಜನಕ ಸೇರಿದ ಇಡೀ ನೈಟ್ರೇಟಿನದು 62. ಅಂದರೆ ಪಟ್ಟಿಯ ಸಂಖ್ಯೆಯನ್ನು 4.43ರಿಂದ ಗುಣಿಸಬೇಕು. ಇಪ್ಪತ್ತು ಎಂದರೆ ಸುಮಾರು 89, ಮಿತಿಯ ಎರಡರಷ್ಟು. ಅಮೆರಿಕದಲ್ಲಿ ಮಿತಿಯನ್ನೇ 10 ಎಂದು ನೈಟ್ರೋಜನ್ ಲೆಕ್ಕದಲ್ಲಿ ಬರೆಯುತ್ತಾರೆ. ಅಲ್ಲಿಯವರಿಗೆ ಆ ಪಟ್ಟಿ ಸರಿಯಾಗಿಯೇ ಇದೆ. ನಮ್ಮ 45 ಇರುವುದು ಇಡೀ ನೈಟ್ರೇಟಿನ ಲೆಕ್ಕದಲ್ಲಿ. ಎರಡು ಲೆಕ್ಕಗಳ ನಡುವೆ ಸಿಕ್ಕಿಕೊಂಡದ್ದು ಒಂದು ಕೂಸು.

ಆ ರಾತ್ರಿ ಹತ್ತೂವರೆಗೆ ಅಕ್ಕನಿಗೆ ಫೋನ್ ಮಾಡಿ, ಬೆಳಿಗ್ಗೆಯಿಂದ ಊರಿನ ಶುದ್ಧ ನೀರಿನ ಘಟಕದ ಕ್ಯಾನ್ ನೀರನ್ನೇ ಮಗುವಿಗೆ ಬಳಸಬೇಕೆಂದು ಹೇಳಿದೆ. ಮಾರನೆಯ ದಿನ ಮಗುವನ್ನು ವೈದ್ಯರಿಗೆ ತೋರಿಸಿದರು. ಏನೂ ಆಗಿರಲಿಲ್ಲ. ಆದರೂ ಪಟ್ಟಿಯ ಡಬ್ಬಿ ಕೈಗೆತ್ತಿಕೊಂಡವರಿಗೆಲ್ಲ ಇದನ್ನೇ ಮೊದಲು ಹೇಳುತ್ತೇನೆ: ಬಣ್ಣ ನೋಡುವ ಮುನ್ನ ಯಾವ ಲೆಕ್ಕದಲ್ಲಿ ಬರೆದಿದ್ದಾರೆ ಎಂದು ಓದಿ. ಪ್ರಯೋಗಾಲಯದ ವರದಿಯಲ್ಲೂ ಅದನ್ನೇ ನೋಡಿ.

ನಾನು ತಂದ ಹನಿ ಕಿಟ್ ನೇರವಾಗಿ ನೈಟ್ರೇಟ್ ಲೆಕ್ಕದಲ್ಲೇ ಹೇಳುತ್ತದೆ. ಐದು ಮಿಲಿಲೀಟರ್ ನೀರು, ಮೊದಲ ಸೀಸೆಯಿಂದ ಹತ್ತು ಹನಿ, ಎರಡನೆಯದರಿಂದ ಹತ್ತು ಹನಿ, ಒಂದು ನಿಮಿಷ ಕುಲುಕಿ ಐದು ನಿಮಿಷ ಕಾಯುವುದು. ಹಳದಿ ಇದ್ದರೆ ಇಲ್ಲ, ಕಿತ್ತಳೆ ದಾಟಿ ಕೆಂಪಾದಷ್ಟೂ ಹೆಚ್ಚು. ಎರಡನೆಯ ಸೀಸೆಯನ್ನು ಅರ್ಧ ನಿಮಿಷ ರಟ್ಟೆ ನೋಯುವಷ್ಟು ಅಲ್ಲಾಡಿಸಬೇಕು. ಪುಡಿ ತಳದಲ್ಲಿ ಕೂತಿದ್ದರೆ ಕೆಟ್ಟ ನೀರೂ ಹಳದಿಯಾಗಿಯೇ ಉಳಿಯುತ್ತದೆ. ಇನ್ನೊಂದು ತೊಡಕು, 40 ಮತ್ತು 80ರ ಕೆಂಪುಗಳ ನಡುವೆ ವ್ಯತ್ಯಾಸ ಹಿಡಿಯುವುದು ಕಷ್ಟ. ಅದಕ್ಕೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರನ್ನು ಸಮಸಮ ಬೆರೆಸಿ, ಬಂದ ಸಂಖ್ಯೆಯನ್ನು ಎರಡರಿಂದ ಗುಣಿಸುತ್ತೇನೆ. ಟ್ಯೂಬ್‌ಲೈಟಿನಲ್ಲಿ ನೋಡುವುದಿಲ್ಲ, ಜಗಲಿಯ ನೆರಳಿನಲ್ಲಿ ಬಿಳಿ ಹಾಳೆ ಹಿಡಿದೇ ನೋಡುವುದು.

ಈ ಕಿಟ್ ನನಗೆ ಅಚ್ಚುಮೆಚ್ಚಾದದ್ದು ಜಾಡು ಹಿಡಿಯುವಾಗ. ನೀರು ಕೆಟ್ಟಿದೆ ಎಂದು ತಿಳಿಯಲು ಒಂದು ಪರೀಕ್ಷೆ ಸಾಕು. ಎಲ್ಲಿಂದ ಕೆಟ್ಟಿತು ಎಂದು ತಿಳಿಯಲು ಹತ್ತಾರು ಬೇಕು. ಮನೆಯ ಕೊಳವೆಬಾವಿ 80ರ ಮೇಲೆ, ತೋಟದ ನಡುವಿನ ಕೊಳವೆಬಾವಿ 40ರ ಆಸುಪಾಸು, ಮೇಲುಗಡೆಯ ಹಳೆಯ ತೆರೆದ ಬಾವಿ ಬೇಸಿಗೆಯಲ್ಲಿ 20, ಮಳೆ ಬಿದ್ದ ವಾರದಲ್ಲಿ 40. ಕ್ಯಾನ್ ನೀರನ್ನೂ ಬಿಡಲಿಲ್ಲ, 10. ಭಾವ ಮೊದಲಿಗೆ ನಂಬಲಿಲ್ಲ. ‘ಯೂರಿಯಾ ಹಾಕುವುದು ತೋಟಕ್ಕೆ, ಮನೆಯ ಬಾವಿಯಲ್ಲಿ ಹೇಗೆ ಹೆಚ್ಚಾಗುತ್ತದೆ?’ ಎಂದು ಕೇಳಿದರು. ಸರಿಯಾದ ಪ್ರಶ್ನೆ. ಇಬ್ಬರೂ ಬಾವಿಯ ಸುತ್ತ ನಡೆದೆವು. ಇಪ್ಪತ್ತು ಹೆಜ್ಜೆಯಲ್ಲಿ ದನದ ಕೊಟ್ಟಿಗೆ, ಅದರ ಪಕ್ಕ ತಿಪ್ಪೆಗುಂಡಿ, ಹಿಂದೆ ಶೌಚಾಲಯದ ಗುಂಡಿ. ಕೇಸಿಂಗ್ ಪೈಪ್ ಹೋಗಿರುವುದು ಗಟ್ಟಿ ಬಂಡೆ ಸಿಗುವವರೆಗೆ ಮಾತ್ರ, ಅದರ ಸುತ್ತಲಿನ ಸಂದನ್ನು ಸಿಮೆಂಟಿನಿಂದ ಮುಚ್ಚಿಲ್ಲ. ಬಾವಿ ಸಾವಿರ ಅಡಿ ಆಳವಿದ್ದರೂ ಮೇಲಿನ ನೀರು ಪೈಪಿನ ಹೊರಮೈ ಹಿಡಿದು ಇಳಿಯುತ್ತದೆ.

ಪ್ರಯೋಗಾಲಯದ ಬೆಲೆ ತಿಳಿದದ್ದು ಇಲ್ಲಿ. ಎರಡೂ ಕೊಳವೆಬಾವಿಗಳ ನೀರನ್ನು ಐಸ್ ಡಬ್ಬಿಯಲ್ಲಿಟ್ಟು ನಗರದ ಒಂದು ಪ್ರಯೋಗಾಲಯಕ್ಕೆ ಕೊಟ್ಟೆ. ನೈಟ್ರೇಟ್ ಮನೆಯದು 92, ತೋಟದ್ದು 41. ನನ್ನ ಕಿಟ್ ಸುಳ್ಳು ಹೇಳಿರಲಿಲ್ಲ. ಹೊಸದಾಗಿ ಸಿಕ್ಕಿದ್ದು ಕ್ಲೋರೈಡ್: ಮನೆಯದು 95, ತೋಟದ್ದು 35. ಯೂರಿಯಾದಲ್ಲಿ ಕ್ಲೋರೈಡ್ ಇಲ್ಲ, ಮಲಮೂತ್ರದಲ್ಲಿ ಇದೆ. ದ್ರಾಕ್ಷಿಗೆ ಕ್ಲೋರೈಡ್ ಆಗದೆಂದು ಭಾವ ಪೊಟ್ಯಾಷನ್ನೂ ಸಲ್ಫೇಟ್ ರೂಪದ್ದನ್ನೇ ಹಾಕುತ್ತಾರೆ. ಹಾಗಾಗಿ ಮನೆಯ ಬಾವಿಗೆ ಇಳಿಯುತ್ತಿರುವುದರಲ್ಲಿ ಹೆಚ್ಚಿನ ಪಾಲು ತಿಪ್ಪೆ ಮತ್ತು ಗುಂಡಿಯದು ಎಂದು ಇಬ್ಬರಿಗೂ ಒಪ್ಪಿಗೆಯಾಯಿತು. ನೈಟ್ರೋಜನ್, ಆಮ್ಲಜನಕಗಳ ಐಸೋಟೋಪ್ (ಒಂದೇ ಧಾತುವಿನ, ತೂಕ ಬೇರೆಯಾದ ಪರಮಾಣುಗಳು) ಅಳೆದು ಮೂಲ ಹೇಳುವ ವಿಧಾನವೂ ಇದೆ, ಆದರೆ ಅದು ಸಂಶೋಧಕರ ಕೆಲಸ.

ಕಿಟ್ ಸೋಲುವ ಜಾಗವನ್ನೂ ಹೇಳಬೇಕು. ಕೆಂಗೇರಿ ಬಳಿ, ಬೆಂಗಳೂರಿನ ಕೊಳಚೆ ಹೊರುವ ವೃಷಭಾವತಿ ನದಿಯಿಂದ ಗ್ಲೌಸ್ ಹಾಕಿಕೊಂಡು ಒಂದು ಸೀಸೆ ತುಂಬಿದೆ. ಕಪ್ಪು ನೀರು, ಮೂಗು ಬಿಡಲಾಗದ ವಾಸನೆ. ನೈಟ್ರೇಟ್ ಪರೀಕ್ಷೆ ಹಳದಿಯಾಗಿಯೇ ಉಳಿಯಿತು, ಹೆಚ್ಚುಕಡಿಮೆ ಸೊನ್ನೆ. ಆಮ್ಲಜನಕವಿಲ್ಲದ ಚರಂಡಿ ನೀರಿನಲ್ಲಿ ನೈಟ್ರೋಜನ್ ಇರುವುದು ಅಮೋನಿಯಾ ರೂಪದಲ್ಲಿ. ಅಮೋನಿಯಾ ಅಳೆಯುವ ಕಿಟ್ಟಿನ ಹನಿ ಹಾಕಿದ ತಕ್ಷಣ ನಳಿಕೆ ಕಡುಹಸಿರಾಯಿತು. ಈ ನೀರು ಬೈರಮಂಗಲ ಕೆರೆ ಸೇರಿ ಮುಂದೆ ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ ಹೋಗುತ್ತದೆ. ನದಿಗೆ ಹೋಗುವವರು ಎರಡೂ ಕಿಟ್ ಒಯ್ಯಬೇಕು. ಕೆರೆಗಾದರೆ ಫಾಸ್ಫೇಟ್ ಕಿಟ್ ಕೂಡ ಬೇಕು: ಅದು ಮಣ್ಣಿಗೆ ಅಂಟಿಕೊಂಡು ಕೊಚ್ಚಿಹೋಗುವಂಥದ್ದು, ನೈಟ್ರೇಟಿನ ಹಾಗೆ ಸುಲಭವಾಗಿ ಆಳಕ್ಕೆ ಇಳಿಯುವುದಿಲ್ಲ.

ಕೀಟನಾಶಕದ ವಿಷಯದಲ್ಲಿ ಹೋಲಿಕೆಗೆ ಜಾಗವೇ ಇಲ್ಲ, ಪ್ರಯೋಗಾಲಯವೊಂದೇ ದಾರಿ. ಮಿತಿಗಳಿರುವುದು ಮಿಲಿಗ್ರಾಮಿನಲ್ಲಲ್ಲ, ಅದರ ಸಾವಿರದಲ್ಲೊಂದು ಪಾಲಾದ ಮೈಕ್ರೋಗ್ರಾಮಿನಲ್ಲಿ. ಮೋನೋಕ್ರೋಟೋಫಾಸಿಗೆ ಲೀಟರಿಗೆ 1, ಅಟ್ರಜಿನ್‌ಗೆ 2. ಕಂದು ಗಾಜಿನ ಸೀಸೆಯಲ್ಲೇ ಕೊಡಬೇಕು. ನನಗೆ ಒಂದು ಮಾದರಿಗೆ 6,000 ರೂಪಾಯಿ ಬಿತ್ತು. ಎಲ್ಲವೂ ‘ಪತ್ತೆಯಾಗಿಲ್ಲ’ ಎಂದು ಬಂದಾಗ ಭಾವನ ಮುಖ ಅರಳಿತು, ನನಗೆ ಸಮಾಧಾನವಾಗಲಿಲ್ಲ. ಐಎಸ್ 10500ರ ಪಟ್ಟಿಯಲ್ಲಿರುವುದು 18 ಹೆಸರು. ಭಾವ ದ್ರಾಕ್ಷಿಯ ರೋಗಗಳಿಗೆ ಹೊಡೆಯುವ ಮ್ಯಾಂಕೋಜೆಬ್, ಕಾರ್ಬೆಂಡಜಿಮ್ ಎರಡೂ ಅದರಲ್ಲಿಲ್ಲ. ಹುಡುಕದೇ ಇದ್ದದ್ದು ಪತ್ತೆಯಾಗುವುದಾದರೂ ಹೇಗೆ? ಮುಂದಿನ ಸಲ ಅವರು ಔಷಧಿ ಹೊಡೆದ ದಿನಾಂಕಗಳ ಪುಸ್ತಕವನ್ನೇ ಹಿಡಿದು ಹೋಗಿ, ಈ ಹೆಸರುಗಳನ್ನು ಹುಡುಕಿಕೊಡಿ ಎಂದು ಕೇಳುತ್ತೇನೆ.

ನಾನು ತಿಂಗಳಿಗೆ ಎರಡು ಭಾನುವಾರ ಅಲ್ಲಿಗೆ ಹೋಗುವವನು. 1,400 ರೂಪಾಯಿಯ ಕಿಟ್ ಹೆಚ್ಚುಕಡಿಮೆ ಒಂದು ವರ್ಷ ಬರುತ್ತದೆ. ಅವಧಿ ಮುಗಿಯುವ ದಿನಾಂಕ ಮಾತ್ರ ನೋಡಿ ಕೊಳ್ಳಬೇಕು. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಕ್ಲೋರೈಡ್ ಸೇರಿಸಿ ಪ್ರಯೋಗಾಲಯಕ್ಕೆ ಕೊಡುತ್ತೇನೆ. ವರ್ಷಕ್ಕೆ ಒಂದೇ ಸಲ ಊರಿಗೆ ಹೋಗುವವರಾದರೆ ಕಿಟ್ ಬೇಡ, ನೇರ ಪ್ರಯೋಗಾಲಯಕ್ಕೇ ಕೊಡಿ.

ಭಾವ ಯುಗಾದಿ ಕಳೆದ ಮೇಲೆ ತಿಪ್ಪೆಯನ್ನು ತೋಟದ ಕೆಳಬದಿಗೆ ಸಾಗಿಸಿ, ಬಾವಿಯ ಬಾಯಿಗೆ ಸಿಮೆಂಟ್ ಕಟ್ಟೆ ಕಟ್ಟಿಸಿದ್ದಾರೆ. ಹೋದ ಭಾನುವಾರ ಸಮಸಮ ಬೆರೆಸಿ ನೋಡಿದೆ. ಬಣ್ಣ ಇನ್ನೂ 40ರ ಕೆಂಪಿನಲ್ಲೇ ಇದೆ, ಅಂದರೆ ಬಾವಿಯ ನೀರು 80. ಮಗುವಿಗೆ ಕ್ಯಾನ್ ನೀರೇ ನಡೆಯುತ್ತಿದೆ.