ಕಾರವಾರದ ಮಳೆಗಾಲಕ್ಕೆ ಹಂಚಿನ ಹಾಲ್ ಮೇಲು: ಕಾಲೇಜು ಆವರಣದ ವಸತಿಗಳ ಹೋಲಿಕೆ

ಕಾರವಾರದಲ್ಲಿ ನಾನು ಬಿ.ಎಸ್ಸಿ. ಓದುತ್ತಿರುವ ಕಾಲೇಜಿನ ಆವರಣದಲ್ಲಿ ವಿದ್ಯಾರ್ಥಿನಿಯರಿಗೆ ಮೂರು ಬಗೆಯ ವಸತಿ ಇದೆ. ಹಂಚಿನ ಮಾಡಿನ ಹಳೆಯ ಹಾಲ್ ಒಂದು. ಅದರ ಹಿಂದೆ ಎದ್ದಿರುವ ಹೊಸ ಆರ್‌ಸಿಸಿ ಬ್ಲಾಕಿನ ಮೂರು ಮಂಚದ ಕೋಣೆ ಇನ್ನೊಂದು. ಅದೇ ಬ್ಲಾಕಿನ ಮೇಲ್ಮಹಡಿಯಲ್ಲಿರುವ ಎರಡು ಮಂಚದ ಕೋಣೆ ಮತ್ತೊಂದು. ಮೊದಲ ವರ್ಷ ಮೂರು ಮಂಚದ ಕೋಣೆಯಲ್ಲಿದ್ದೆ, ಎರಡನೆಯ ವರ್ಷದಿಂದ ಹಾಲ್‌ನಲ್ಲಿದ್ದೇನೆ, ಪರೀಕ್ಷೆಯ ದಿನಗಳಲ್ಲಿ ಗೆಳತಿಯೊಬ್ಬಳ ಜೊತೆ ಮೇಲ್ಮಹಡಿಯ ಕೋಣೆಯಲ್ಲೂ ಉಳಿದಿದ್ದೇನೆ. ಘಟ್ಟದ ಮೇಲಿನಿಂದಾಗಲಿ ಬಯಲುಸೀಮೆಯಿಂದಾಗಲಿ ಇಲ್ಲಿಗೆ ಓದಲು ಬರುವ ಹುಡುಗಿಯರಿಗೆ ನಾನು ಹೇಳುವುದು ಇಷ್ಟೇ: ಹಾಲ್‌ನಲ್ಲಿ ಮಂಚ ಖಾಲಿಯಿದ್ದರೆ ಬೇರೆ ಯಾವುದನ್ನೂ ನೋಡದೆ ಅದನ್ನೇ ಹಿಡಿಯಿರಿ.

ಪ್ರವೇಶದ ಸಮಯದಲ್ಲಿ ಪಾಲಕರು ಕೇಳುವುದು ಊಟ, ಭದ್ರತೆ, ವೈಫೈ. ಇವು ಮೂರೂ ಕಡೆ ಒಂದೇ. ಮೆಸ್ ಒಂದೇ, ಗೇಟು ಮುಚ್ಚುವ ವೇಳೆ ಒಂದೇ, ವಾರ್ಡನ್ ಒಬ್ಬರೇ. ಯಾರೂ ಕೇಳದೆ ಬಿಡುವ ಪ್ರಶ್ನೆಯೆಂದರೆ ಒಗೆದ ಬಟ್ಟೆ ಎಲ್ಲಿ ಒಣಗುತ್ತದೆ ಎಂಬುದು. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆಯಾಗುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ನಮ್ಮ ತರಗತಿಗಳು ಶುರುವಾಗುವುದೂ ಅದೇ ತಿಂಗಳುಗಳಲ್ಲಿ. ಹಾಗಾಗಿ ಹೊಸದಾಗಿ ಬಂದವರಿಗೆ ಹಾಸ್ಟೆಲಿನ ಮೊದಲ ಪರಿಚಯವಾಗುವುದೇ ಒದ್ದೆ ಬಟ್ಟೆಯ ಮೂಲಕ.

ಹೊಸ ಬ್ಲಾಕಿನ ಕೋಣೆ ನೋಡಲು ಚೆನ್ನಾಗಿದೆ. ಟೈಲ್ಸ್ ನೆಲ, ಗೋಡೆಯಲ್ಲೇ ಕೂರಿಸಿದ ಕಪಾಟು, ಒಳಗೇ ಬಚ್ಚಲು ಮತ್ತು ಶೌಚಾಲಯ. ತೊಂದರೆ ಹುಟ್ಟುವುದು ಈ ಒಳಗಿನ ಬಚ್ಚಲಿನಿಂದಲೇ. ಅದರ ಗವಾಕ್ಷಿ ಹೊರಗಿನ ಬಯಲಿಗೆ ತೆರೆಯದೆ, ಪೈಪುಗಳು ಇಳಿಯುವ ಕಿರಿದಾದ ಸಂದಿಗೆ ತೆರೆಯುತ್ತದೆ. ಮೂವರು ಬೆಳಿಗ್ಗೆ ಬಿಸಿನೀರು ಸ್ನಾನ ಮುಗಿಸುವಷ್ಟರಲ್ಲಿ ಹಬೆಯೆಲ್ಲ ಕೋಣೆಗೇ ಬಂದಿರುತ್ತದೆ. ನಾನಿದ್ದ ಕೋಣೆಗೆ ಇರುವ ಒಂದೇ ಕಿಟಕಿ ಪಶ್ಚಿಮಕ್ಕೆ, ಅದೂ ಸರಿಸುವ ಗಾಜಿನ ಕಿಟಕಿಯಾದ್ದರಿಂದ ಅರ್ಧ ಮಾತ್ರ ತೆರೆಯುತ್ತದೆ. ಇಲ್ಲಿ ಮಳೆ ಬೀಸಿ ಹೊಡೆಯುವುದೂ ಕಡಲಿನ ಆ ದಿಕ್ಕಿನಿಂದಲೇ. ಕಿಟಕಿಗೆ ಮೇಲೆ ಒಂದು ಮೊಳದಷ್ಟು ಸಜ್ಜಾ ಇದ್ದರೂ ಗಾಳಿಮಳೆಗೆ ಅದು ಸಾಲದು. ಹಾಸಿಗೆ ನೆನೆಯಬಾರದೆಂದರೆ ಕಿಟಕಿ ಮುಚ್ಚಲೇಬೇಕು. ಮುಚ್ಚಿದ ಆ ಕೋಣೆಯಲ್ಲಿ ಮೂವರ ಒದ್ದೆ ಚೂಡಿದಾರ, ಟವೆಲ್, ಒಳಉಡುಪುಗಳು ಫ್ಯಾನಿನ ಕೆಳಗೆ ಅಡ್ಡ ಕಟ್ಟಿದ ಹಗ್ಗದ ಮೇಲೆ ದಿನಗಟ್ಟಲೆ ತೂಗುತ್ತಿರುತ್ತವೆ. ಕರೆಂಟು ಹೋದರೆ ಫ್ಯಾನೂ ಇಲ್ಲ. ಇನ್ವರ್ಟರ್ ಇರುವುದು ದೀಪಗಳಿಗೆ ಮಾತ್ರ.

ಜುಲೈ ಮುಗಿಯುವ ಹೊತ್ತಿಗೆ ಬೂಷ್ಟು ಕಾಣಿಸಿಕೊಂಡಿತು. ಮೊದಲು ಪಶ್ಚಿಮದ ಗೋಡೆಗೆ ತಾಗಿದ್ದ ಕಪಾಟಿನ ಹಿಂಬದಿಯಲ್ಲಿ, ಆಮೇಲೆ ಚರ್ಮದ ಚಪ್ಪಲಿಯ ಪಟ್ಟಿಯ ಮೇಲೆ, ಕೊನೆಗೆ ಪ್ರಾಕ್ಟಿಕಲ್ ರೆಕಾರ್ಡಿನ ಹೊದಿಕೆಯ ಮೇಲೆ ಬಿಳಿಯ ಹುಡಿಯಂತೆ ಹರಡಿತು. ರೆಕಾರ್ಡಿನ ಹಾಳೆಗಳು ಉಬ್ಬಿ, ಶಾಯಿ ಅಂಚಿನಲ್ಲಿ ಹರಡಿ, ಕೆಲವು ಚಿತ್ರಗಳನ್ನು ಮತ್ತೆ ಬರೆಯಬೇಕಾಯಿತು. ಲ್ಯಾಬಿಗೆ ಹಾಕಿಕೊಳ್ಳುವ ಬಿಳಿಯ ಏಪ್ರನ್ನಿನ ಕಂಕುಳ ಕೆಳಗೆ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳೆದ್ದವು; ಬ್ಲೀಚಿಂಗ್ ಪುಡಿಯಲ್ಲಿ ನೆನೆಸಿದಾಗ ಬಟ್ಟೆಯ ಬಲ ಹೋಯಿತೇ ಹೊರತು ಚುಕ್ಕೆ ಹೋಗಲಿಲ್ಲ. ಎಲ್ಲಕ್ಕಿಂತ ನೋವಾದದ್ದು ಜೊತೆಯ ಹುಡುಗಿಯ ವಿಷಯದಲ್ಲಿ. ಪೂರ್ತಿ ಒಣಗದ ಒಳಉಡುಪನ್ನು ಬೇರೆ ದಾರಿಯಿಲ್ಲದೆ ತೊಟ್ಟುಕೊಂಡು ಅವಳಿಗೆ ಗಜಕರ್ಣ ಹತ್ತಿತು, ಮುಲಾಮು ಹಚ್ಚುತ್ತ ಇಡೀ ಸೆಮಿಸ್ಟರ್ ಕಳೆಯಬೇಕಾಯಿತು. ಇದನ್ನು ಹುಡುಗಿಯರು ಹೊರಗೆ ಹೇಳಿಕೊಳ್ಳುವುದಿಲ್ಲ. ಹಾಸ್ಟೆಲು ಆರಿಸುವಾಗ ಇದು ಮೊದಲ ಸಾಲಿನಲ್ಲಿ ನಿಲ್ಲಬೇಕಾದ ವಿಷಯವೆಂದೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಪರಿಹಾರಗಳನ್ನು ನಾವು ಹುಡುಕದೆ ಇರಲಿಲ್ಲ. ಕರ್ಪೂರ, ನುಸಿಗುಳಿಗೆಗಳು ವಾಸನೆ ಮರೆಸಿದವು, ತೇವ ತೆಗೆಯಲಿಲ್ಲ. ಅಂಗಡಿಯಲ್ಲಿ ಸಿಗುವ ತೇವ ಹೀರುವ ಡಬ್ಬಿಯಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಹರಳುಗಳಿರುತ್ತವೆ; ಅವು ಗಾಳಿಯ ನೀರನ್ನು ಹೀರಿ ತಾವೇ ಕರಗುತ್ತವೆ. ಮುಚ್ಚಿದ ಕಪಾಟಿನೊಳಗೆ ಅದು ನಿಜಕ್ಕೂ ಕೆಲಸ ಮಾಡಿತು, ಆದರೆ ಡಬ್ಬಿ ಬೇಗ ತುಂಬಿ ಮತ್ತೆ ಹೊಸದು ಕೊಳ್ಳಬೇಕು, ತೂಗುಹಾಕಿದ ಬಟ್ಟೆಗಂತೂ ಅದರಿಂದ ಏನೂ ಆಗದು. ಇಸ್ತ್ರಿಪೆಟ್ಟಿಗೆಗೆ ಕೋಣೆಯಲ್ಲಿ ಅನುಮತಿ ಇಲ್ಲ. ಮನೆಯಲ್ಲಾದರೆ ಬಚ್ಚಲ ಒಲೆಯ ಮೇಲಿನ ಗಳಕ್ಕೆ ಹಾಕಿದ ಬಟ್ಟೆ ಬೆಳಗಾಗುವುದರೊಳಗೆ ಒಣಗುತ್ತದೆ; ಶಕ್ತಿ ಯೋಜನೆಯಲ್ಲಿ 2023ರ ಜೂನ್‌ನಿಂದ ನಮಗೆ ಬಸ್ಸು ಉಚಿತವಾದ್ದರಿಂದ ಬಟ್ಟೆಯನ್ನು ವಾರಕ್ಕೊಮ್ಮೆ ಸಿದ್ದಾಪುರದ ನಮ್ಮ ಮನೆಗೆ ಹೊತ್ತೊಯ್ದರಾಯಿತು ಎಂದು ಅಮ್ಮ ಹೇಳಿದ್ದರು. ಆದರೆ ಮಳೆಗಾಲದ ರಸ್ತೆಯನ್ನು ನಂಬಿ ಬಟ್ಟೆಯ ಲೆಕ್ಕ ಹಾಕಲಾಗದು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯೇ ದಿನಗಟ್ಟಲೆ ಬಂದಾಗಿತ್ತು. ಆಮೇಲಿನಿಂದ ಜೋರು ಮಳೆಯಲ್ಲಿ ನಾನು ಪ್ರಯಾಣ ಹೊರಡುವುದನ್ನು ಮನೆಯವರೇ ಒಪ್ಪುವುದಿಲ್ಲ.

ಹಾಲ್‌ನಲ್ಲಿ ಈ ಪಾಡು ಏಕಿಲ್ಲವೆಂಬುದಕ್ಕೆ ಉತ್ತರ ಕಟ್ಟಡದಲ್ಲೇ ಇದೆ. ಚಿರೆಕಲ್ಲಿನ ದಪ್ಪ ಗೋಡೆ, ಎತ್ತರದ ಮಾಡು, ಹಂಚುಗಳ ಸಂದಿಯಿಂದ ಹೊರಹೋಗುವ ಸೆಕೆ, ಉದ್ದದ ಎರಡೂ ಗೋಡೆಗಳಲ್ಲಿ ಎದುರುಬದುರು ಕಿಟಕಿಗಳು. ಗೋಡೆಯಿಂದ ಎಷ್ಟೋ ದೂರಕ್ಕೆ ಮಾಡನ್ನು ಇಳಿಸಿ ಸುತ್ತಲೂ ಅಗಲವಾದ ಜಗಲಿ ಬಿಟ್ಟಿರುವುದರಿಂದ ಎಂಥ ಇರಚಲಿಗೂ ಕಿಟಕಿ ಮುಚ್ಚಬೇಕಾಗುವುದಿಲ್ಲ. ಜುಲೈನಲ್ಲಿ ಹೊರಗಿನ ಗಾಳಿಯೂ ತೇವದಿಂದ ತುಂಬಿರುತ್ತದೆ ನಿಜ. ಬಟ್ಟೆ ಒಣಗುವುದು ಆಗ ಬಿಸಿಲಿನಿಂದಲ್ಲ, ಗಾಳಿಯ ಓಡಾಟದಿಂದ. ಪೂರ್ವದ ಜಗಲಿಯಲ್ಲಿ ಕಂಬದಿಂದ ಕಂಬಕ್ಕೆ ಕಟ್ಟಿದ ನೈಲಾನ್ ಹಗ್ಗದ ಮೇಲೆ ಬೆಳಿಗ್ಗೆ ಹರವಿದ ಹತ್ತಿಯ ಕುರ್ತಾ ಮರುದಿನ ಸಂಜೆಗೆ ತೊಡುವಂತಾಗುತ್ತದೆ. ಜೀನ್ಸ್ ಮಾತ್ರ ಅಲ್ಲೂ ಹಟ ಮಾಡುತ್ತದೆ, ಮಳೆಗಾಲಕ್ಕೆ ಅದನ್ನು ತರದಿರುವುದು ಒಳ್ಳೆಯದು. ಒಳಗಡೆ ಒಂದು ಮೂಲೆಗೆ ಪರದೆ ಕಟ್ಟಿ ಒಳಉಡುಪುಗಳಿಗೆಂದೇ ಹಗ್ಗ ಬಿಟ್ಟಿದ್ದಾರೆ; ಯಾರ ಕಣ್ಣಿಗೂ ಬೀಳದಂತೆ, ಆದರೂ ಕಿಟಕಿಯ ಗಾಳಿಗೆ ಒಡ್ಡಿ ಒಣಗಿಸಿಕೊಳ್ಳಬಹುದು. ಈ ಸಣ್ಣ ಏರ್ಪಾಡು ಮಾಡಿದವರು ಯಾರೋ, ಅವರಿಗೆ ನಾನು ಋಣಿ.

ಹಾಲ್‌ನ ಕೊರತೆಗಳೂ ಇವೆ. ಎಂಟು ಮಂಚಗಳ ನಡುವೆ ಏಕಾಂತವೆಂಬುದಿಲ್ಲ. ಫೋನಿನಲ್ಲಿ ಮನೆಯವರ ಜೊತೆ ಮಾತನಾಡಬೇಕಾದರೆ ಜಗಲಿಗೆ ಹೋಗಬೇಕು. ಬಚ್ಚಲು ಮತ್ತು ಶೌಚಾಲಯ ಅಂಗಳದಾಚೆ ಇರುವುದರಿಂದ ರಾತ್ರಿ ಛತ್ರಿ, ಟಾರ್ಚು ಹಿಡಿದು ನಡೆಯಬೇಕು. ಹಂಚು ಸರಿದರೆ ಸೋರುತ್ತದೆ, ಮೇ ತಿಂಗಳಲ್ಲಿ ಮಾಡು ಕೈಯಾಡಿಸಿದ್ದಾರೆಯೇ ಎಂದು ಕೇಳಿಯೇ ಮಂಚ ಆರಿಸಿಕೊಳ್ಳಬೇಕು. ಪ್ಲಗ್ ಪಾಯಿಂಟುಗಳು ಕಡಿಮೆ.

ಮೇಲ್ಮಹಡಿಯ ಎರಡು ಮಂಚದ ಕೋಣೆ ಓದುವುದಕ್ಕೆ ಶಾಂತವಾಗಿದೆ, ಗಾಳಿಯೂ ಕೆಳಗಿನದಕ್ಕಿಂತ ಮೇಲು. ಏಪ್ರಿಲ್, ಮೇ ತಿಂಗಳಲ್ಲಿ ತಾರಸಿ ಕಾದು ಮಧ್ಯರಾತ್ರಿಯವರೆಗೂ ಮಲಗಲಾಗುವುದಿಲ್ಲ. ಶುಲ್ಕವೂ ಮೂರರಲ್ಲಿ ಅದಕ್ಕೇ ಹೆಚ್ಚು.

ಹಾಲ್‌ನ ವಾರ್ಷಿಕ ಶುಲ್ಕ ಮೂರು ಮಂಚದ ಕೋಣೆಯದರ ಅರ್ಧಕ್ಕಿಂತ ಕಡಿಮೆ. ಅಡಿಕೆಯ ಹಣ ಕೈಗೆ ಬಂದಮೇಲಷ್ಟೇ ಫೀಸು ಕಟ್ಟುವ ನಮ್ಮಂಥ ಮನೆಗೆ ಈ ವ್ಯತ್ಯಾಸ ದೊಡ್ಡದು. ಹಣದ ತೊಂದರೆ ಇನ್ನೂ ಹೆಚ್ಚಿರುವವರು ಆವರಣದ ವಸತಿಗೆ ಹಣ ಕಟ್ಟುವ ಮೊದಲೇ ಸರ್ಕಾರದ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಕ್ಕೆ ಆನ್‌ಲೈನ್ ಅರ್ಜಿ ಹಾಕಬೇಕು. ಅಲ್ಲಿ ಊಟ, ವಸತಿ ಉಚಿತ. ಅರ್ಹರಿದ್ದೂ ಅಲ್ಲಿ ಸೀಟು ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಯೋಜನೆಯಲ್ಲಿ ತಿಂಗಳ ಲೆಕ್ಕದಲ್ಲಿ ಹಣದ ನೆರವು ಇದೆ.

ನಾನು ಬೆಳಿಗ್ಗೆ ಬೇಗ ಎದ್ದು ಓದುವವಳು, ರಾತ್ರಿ ಹತ್ತಕ್ಕೆ ದೀಪ ಆರಿಸುವ ಹಾಲ್‌ನ ಪದ್ಧತಿ ನನಗೆ ಒಗ್ಗಿದೆ. ನಡುರಾತ್ರಿಯವರೆಗೆ ಓದುವ ಅಭ್ಯಾಸದವರಿಗೆ ಅದು ಕಷ್ಟವಾದೀತು. ಅಂಥವರು ಹೊಸ ಬ್ಲಾಕನ್ನೇ ಆರಿಸುವುದಾದರೆ ಪೂರ್ವ ದಿಕ್ಕಿನ ಕೋಣೆಯನ್ನೇ ಕೇಳಲಿ. ಹಣ ಕಟ್ಟುವ ಮುನ್ನ ಕಪಾಟಿನ ಬಾಗಿಲು ತೆರೆದು ಹಿಂಬದಿಯ ಗೋಡೆಯನ್ನು ಕೈಯಿಂದ ಮುಟ್ಟಿ ನೋಡಲಿ. ಬೇಸಿಗೆಯಲ್ಲೇ ಅಲ್ಲಿ ಬಣ್ಣ ಉಬ್ಬಿ ಎದ್ದಿದ್ದರೆ ಆ ಕೋಣೆ ಬೇಡವೆಂದು ಆಗಲೇ ಹೇಳಿಬಿಡಲಿ. ಸೆಮಿಸ್ಟರ್ ನಡುವೆ ಕೋಣೆ ಬದಲಿಸಿಕೊಡುವ ಪದ್ಧತಿ ಇಲ್ಲಿ ಇಲ್ಲ.